ಲೂವೀನಿಯಾಳ ಪಾರ್ಟು

ರೀಡ್ ಸಿಟಿ ದಾಟಿದ ಮೇಲೆ ಹತ್ತನೇ ಹೆದ್ದಾರಿ ಪೈನ್ ಮರಗಳ ನಡುವೆ ಉದ್ದಕ್ಕೆ ಮಲಗಿಬಿಡುತ್ತದೆ. ತಿರುವಿಲ್ಲ, ದಿಣ್ಣೆಯಿಲ್ಲ, ಓಡಿಸುವವರಿಗೆ ಬಾಯಿಗಷ್ಟೇ ಕೆಲಸ. ವರ್ನೆಟಾ ಗೇದರ್ ಮತ್ತು ಅವಳ ಅಪ್ಪ ಐಸಮ್ ಮನೆ ಬಿಟ್ಟಾಗಿನಿಂದ ಎರಡೇ ಮಾತುಗಳನ್ನು ತಿರುಗಾಮುರುಗಾ ಆಡುತ್ತ ಬಂದಿದ್ದರು. ಎರೆಹುಳು ತಗೊಂಡೆಯಾ ಎಂದು ಅವರು ಕೇಳುವುದು, ತಗೊಂಡಿದ್ದೇನೆ, ಹಿಂದೆ ಐಸ್ ಪೆಟ್ಟಿಗೆಯಲ್ಲಿದೆ ಎಂದು ಅವಳು ಹೇಳುವುದು. ಸ್ವಲ್ಪ ಹೊತ್ತು ಮರಗಳನ್ನು ನೋಡಿ, ಬಲಗೈಯಿಂದ ಸೊಂಟ ಮುಟ್ಟಿಕೊಂಡು ಅವರು "ಅದು?" ಎನ್ನುವುದು. ಅದು ನನ್ನ ಹತ್ತಿರ ಇದೆ ಅಪ್ಪಾ ಎಂದು ಅವಳು ತನ್ನ ಸೊಂಟ ತಟ್ಟಿ ತೋರಿಸುವುದು. ಆಮೇಲೆ ಮತ್ತೆ ಎರೆಹುಳು.

ವರ್ನೆಟಾಗೆ ಬೇಸರವೇನೂ ಇರಲಿಲ್ಲ. ಅರವತ್ತರ ಹತ್ತಿರದ ಹೆಂಗಸು, ಆಯುಷ್ಯದ ಬಹುಭಾಗ ಸ್ಯಾಗಿನಾದ ಒಂದು ಶಾಲೆಯ ಅಡುಗೆಮನೆ ನಡೆಸಿದವಳು. ಇವತ್ತು ಊಟಕ್ಕೆ ಏನು ಎಂಬ ಒಂದೇ ಪ್ರಶ್ನೆಗೆ ದಿನಕ್ಕೆ ನೂರಾರು ಮಕ್ಕಳಿಗೆ ಉತ್ತರ ಹೇಳಿ ಪಳಗಿದ ಬಾಯಿ ಅವಳದು. ಅಪ್ಪನ ಮರೆವು ಶುರುವಾದಾಗ ಡಾಕ್ಟರು ಅವಳಿಗೆ ತಾಳ್ಮೆಯ ಬಗ್ಗೆ ಒಂದು ಭಾಷಣವನ್ನೇ ಮಾಡಿದ್ದರು. ಅವಳು ಗೌರವದಿಂದ ಕೇಳಿಸಿಕೊಂಡು ಮನೆಗೆ ಬಂದು ನಕ್ಕಿದ್ದಳು.

ಜೂನ್ ತಿಂಗಳ ಮೊದಲ ವಾರ ಐಡಲ್‌ವೈಲ್ಡ್ ಕೆರೆಯಲ್ಲಿ ಬ್ಲೂಗಿಲ್ ಮೀನು ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಕಪ್ಪು ಜನಕ್ಕೆ ಬೇರೆ ಯಾವ ಕೆರೆದಂಡೆಯಲ್ಲೂ ಕಾಲಿಡಲು ಬಿಡದ ಕಾಲದಲ್ಲಿ ಲೂವೀನಿಯಾಳ ಅಪ್ಪ ಅಲ್ಲೊಂದು ಪುಟ್ಟ ಮರದ ಮನೆ ಕಟ್ಟಿದ್ದರು. ಲೂವೀನಿಯಾ ಎಂದರೆ ವರ್ನೆಟಾಳ ಅಮ್ಮ. ಅವಳು ಹೋಗಿ ಬಹಳ ವರ್ಷಗಳಾದವು. ಆದರೂ ಪ್ರತಿ ಜೂನ್‌ನಲ್ಲಿ ಐಸಮ್ ಗೇದರ್ ಗಾಳದ ಕೋಲುಗಳನ್ನು ಹಸಿರು ಫೋರ್ಡ್ ಪಿಕಪ್ಪಿನ ಹಿಂದೆ ಹಾಕಿಕೊಂಡು ಹೊರಡುತ್ತಿದ್ದರು, ಮೀನನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದು, ಕಣ್ಣಲ್ಲಿ ನೀರು ಬರುವಷ್ಟು ಖಾರದ ಸಾಸ್ ಸುರಿದುಕೊಂಡು ತಿಂದು, ಲೂವೀನಿಯಾ ಮಾಡಿದ ಹಾಗೆ ಆಗಲಿಲ್ಲ ಎಂದು ಗೊಣಗಿ ವಾಪಸ್ಸು ಬರುತ್ತಿದ್ದರು. ಈಗ ಓಡಿಸುವ ಕೆಲಸ ಮಗಳದು. ಗೊಣಗುವುದು ಇನ್ನೂ ಅವರದೇ.

ಆ 'ಅದು' ಎಂದರೆ ಪಿಸ್ತೂಲು. ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಐಸಮ್ ಚರ್ಚಿನ ಖಜಾಂಚಿಯೂ ಆಗಿದ್ದರು. ಸೋಮವಾರ ಬೆಳಿಗ್ಗೆ ಕಾಣಿಕೆ ಹಣ ಬ್ಯಾಂಕಿಗೆ ಒಯ್ಯುವವರು ಅವರೇ. ಅದಕ್ಕೆಂದು ಕೌಂಟಿ ಅಧಿಕಾರಿಗಳ ಮುಂದೆ ನಿಂತು, ಹತ್ತು ಸಲ ಇಲ್ಲ ಅನ್ನಿಸಿಕೊಂಡು, ಹನ್ನೊಂದನೇ ಸಲ ಲೈಸೆನ್ಸ್ ಪಡೆದು, ಅಂಗಿಯ ಕೆಳಗೆ ಯಾರಿಗೂ ಕಾಣದ ಹಾಗೆ ಒಂದು ಪಿಸ್ತೂಲು ಕಟ್ಟಿಕೊಂಡಿದ್ದರು. ಅದನ್ನು ಅವರು ಒಮ್ಮೆಯೂ ಹೊರಗೆ ತೆಗೆದಿದ್ದು ವರ್ನೆಟಾ ನೋಡಿಲ್ಲ. ಆದರೆ ಅದಿಲ್ಲದೆ ಅವರು ಹೊಸ್ತಿಲು ದಾಟಿದ್ದನ್ನೂ ನೋಡಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅದು ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕದಲ್ಲಿ ಸಿಕ್ಕಿತು. ಆವತ್ತೇ ವರ್ನೆಟಾ ಅಪ್ಪನ ಕೈ ಹಿಡಿದು ಕೂತು, ಅದನ್ನು ನನಗೆ ಕೊಟ್ಟುಬಿಡಿ ಎಂದು ಕೇಳಿಕೊಂಡಳು. ಅವರು, ಕೊಡ್ತೀನಿ, ಆದ್ರೆ ಅದಿಲ್ಲದೆ ನಾನು ಗಾಡಿ ಹತ್ತಲ್ಲ ಎಂದರು. ಅವಳು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು, ತರಗತಿಗೆ ಹೋದಳು, ಪರೀಕ್ಷೆ ಬರೆದಳು, ಲೈಸೆನ್ಸ್ ತಂದಳು. ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗುವಾಗಲೆಲ್ಲ ಅದು ಅವಳ ಸೊಂಟದಲ್ಲಿರುತ್ತಿತ್ತು. ಉಳಿದದ್ದು ಅದರ ಚರ್ಮದ ಒರೆ. ವರ್ಷಗಟ್ಟಲೆ ಬೆವರು ಕುಡಿದು ಅವರ ಸೊಂಟದ ಆಕಾರವೇ ಬಂದಿದ್ದ ಆ ಒರೆಯನ್ನು ಬಿಚ್ಚಲು ಹೋದರೆ ಮಗುವಿನ ಹಾಗೆ ಹಟ ಮಾಡುತ್ತಿದ್ದರು. ಖಾಲಿ ಚರ್ಮ ತಾನೇ, ಕಟ್ಟಿಕೊಂಡಿರಲಿ ಎಂದು ಅವಳು ಬಿಟ್ಟುಬಿಟ್ಟಿದ್ದಳು. ಅದು ತಪ್ಪು ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಹಿಂದಿನ ಕನ್ನಡಿಯಲ್ಲಿ ಕೆಂಪು ನೀಲಿ ದೀಪ ಕಂಡಾಗ ಐಸಮ್ ಎರೆಹುಳುವಿನ ಪ್ರಶ್ನೆಯ ಅರ್ಧದಲ್ಲಿದ್ದರು.

ವರ್ನೆಟಾಳ ತಲೆ ಇನ್ನೂ ನಾನೇನು ಮಾಡಿದೆ ಎಂದು ಯೋಚಿಸುತ್ತಿರುವಾಗಲೇ ಅವಳ ಕೈಗಳು ತಮ್ಮ ಕೆಲಸ ಶುರು ಮಾಡಿಬಿಟ್ಟಿದ್ದವು. ಗಾಡಿ ರಸ್ತೆಯಂಚಿಗೆ ಇಳಿಯಿತು. ಎರಡೂ ಕಡೆಯ ಗಾಜು ಪೂರ್ತಿ ಕೆಳಗೆ ಹೋಯಿತು. ಎಂಜಿನ್ ಆರಿತು, ಕೀ ಡ್ಯಾಶ್‌ಬೋರ್ಡಿನ ಮೇಲೆ ಎದ್ದು ಕಾಣುವಂತೆ ಕೂತಿತು. ಲೈಸೆನ್ಸುಗಳು, ಗಾಡಿಯ ಕಾಗದ ಎಲ್ಲ ತಲೆಯ ಮೇಲಿನ ಬಿಸಿಲು ತಡೆಯುವ ಪಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ್ದವು. ಅವನ್ನು ಇಳಿಸಿ ಕೀ ಪಕ್ಕ ಇಟ್ಟು, ಸ್ಟೀರಿಂಗ್ ಚಕ್ರದ ನೆತ್ತಿಯ ಮೇಲೆ ಬೆರಳು ಬಿಡಿಸಿ ಎರಡೂ ಕೈ ಇಟ್ಟಳು. ಒಂದಕ್ಕೂ ಯೋಚನೆ ಬೇಕಾಗಲಿಲ್ಲ. ಹಾಗೆ ಕಲಿಸಿದ್ದರು ಅಪ್ಪ.

ಅವಳಿಗೆ ಹದಿನಾರು ತುಂಬಿದ ವರ್ಷ ಅವರು ಒಂದು ಸೋಮವಾರ ಬ್ಯಾಂಕಿನಿಂದ ಬಹಳ ತಡವಾಗಿ ಬಂದಿದ್ದರು. ಅಂಗಿಯ ಕತ್ತಿನ ಗುಂಡಿ ಕಿತ್ತುಹೋಗಿತ್ತು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು ಎಂದಷ್ಟೇ ಹೇಳಿದರು. ಮುಂದಿನದು ಲೂವೀನಿಯಾ ಕೇಳಲಿಲ್ಲ, ಗುಂಡಿ ಹೊಲಿದುಕೊಟ್ಟಳು. ಆದರೆ ಆ ಭಾನುವಾರ ಚರ್ಚಿನಿಂದ ಬಂದ ಮೇಲೆ, ಕೋಳಿ ಇನ್ನೂ ಒಲೆಯ ಮೇಲಿರುವಾಗಲೇ, ಐಸಮ್ ಹೆಂಡತಿ ಮಗಳನ್ನು ಅಂಗಳದಲ್ಲಿ ನಿಂತಿದ್ದ ಗಾಡಿಗೆ ಹತ್ತಿಸಿದರು. ಮಗಳು ಓಡಿಸುವವಳು, ಹೆಂಡತಿ ಪಕ್ಕದಲ್ಲಿ ಕೂತವಳು, ತಾವು ಪೊಲೀಸು. ಅಡುಗೆಮನೆಯ ಟಾರ್ಚನ್ನು ಮಟಮಟ ಮಧ್ಯಾಹ್ನ ಹೊತ್ತಿಸಿಕೊಂಡು, ಪ್ಯಾಂಟನ್ನು ಎದೆಯವರೆಗೆ ಎಳೆದುಕೊಂಡು, ಮೂಗಿನಿಂದ ಮಾತಾಡುತ್ತ ಗಾಡಿಯನ್ನು ಒಂದು ಸುತ್ತು ಹಾಕಿ ಬಂದರು.

ಆ ಒಂದು ಭಾನುವಾರ ಎಲ್ಲ ಭಾನುವಾರವೂ ಆಯಿತು. ಬೀದಿಯವರು ಊಟ ಬಿಟ್ಟು ಜಗಲಿಗೆ ಬಂದು ಕೂರತೊಡಗಿದರು. ಎದುರು ಮನೆಯ ಮುದುಕ, ಐಸಮ್, ಹೆಂಡ್ತೀನ ಇವತ್ತಾದ್ರೂ ಜೈಲಿಗೆ ಹಾಕ್ತೀಯೋ ಇಲ್ಲ ಊಟಕ್ಕೆ ಬಿಟ್ಟುಬಿಡ್ತೀಯೋ ಎಂದು ಕೂಗುತ್ತಿದ್ದ. ಐಸಮ್ ಮಾತ್ರ ನಗುತ್ತಿರಲಿಲ್ಲ. ಮೊದಲು ನಮಸ್ಕಾರ. ಆಮೇಲೆ ಲೈಸೆನ್ಸಿನ ಮಾತು. ಅದಾದ ಮೇಲೆ 'ಅದು' ಎಲ್ಲಿದೆ ಎನ್ನುವುದು. ಪಿಸ್ತೂಲು ಎಂಬ ಶಬ್ದ ಬಾಯಿಂದ ಬರಲೇಕೂಡದು, ಅದೊಂದು ಕಿವಿಗೆ ಬಿದ್ದರೆ ಉಳಿದ ವಾಕ್ಯ ಯಾರಿಗೂ ಕೇಳಿಸುವುದಿಲ್ಲ ಎನ್ನುತ್ತಿದ್ದರು. ಕಡೆಗೆ, ನಾನೇನು ಮಾಡಲಿ ನೀವು ಹೇಳಿ ಎಂದು ಸುಮ್ಮನಾಗಬೇಕು. ಪೊಲೀಸು ಹೇಳುವವರೆಗೆ ಒಂದು ಬೆರಳೂ ಅಲ್ಲಾಡಬಾರದು. ಸೊಂಟದಲ್ಲಿ ಏನೂ ಇಲ್ಲದ ಹದಿನಾರರ ಹುಡುಗಿಗೆ ಇದೆಲ್ಲ ಯಾಕೆ ಎಂದು ವರ್ನೆಟಾ ಒಮ್ಮೆ ಸಿಡುಕಿದಳು. ಇವತ್ತು ಇಲ್ಲ, ನಾಳೆ ಇರಬಹುದು, ಕೈಗೆ ಮಾತ್ರ ಇವತ್ತೇ ಗೊತ್ತಿರಬೇಕು ಎಂದರು.

ಲೂವೀನಿಯಾಳ ಪಾರ್ಟು ಚಿಕ್ಕದು. ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಸುಮ್ಮನೆ ಕೂರುವುದು. ಅಷ್ಟೂ ಅವಳ ಕೈಲಾಗುತ್ತಿರಲಿಲ್ಲ. ಗಂಡ ಟಾರ್ಚು ಮುಖಕ್ಕೆ ಬಿಟ್ಟು, ಈ ಸುಂದರಿ ಕಳ್ಳಿ ಯಾರು ಎಂದು ಮೂಗಿನಲ್ಲಿ ಕೇಳಿದ ಕೂಡಲೇ ಅವಳಿಗೆ ನಗು ಒತ್ತರಿಸಿಕೊಂಡು ಬರುತ್ತಿತ್ತು. ನಗಬೇಡ ಲೂವೀನಿಯಾ, ನಕ್ಕರೆ ಕೈ ಅಲ್ಲಾಡುತ್ತೆ ಎಂದು ಇವರು ಗದರುವುದು. ಆಗ ಅವಳು ನಗುವನ್ನು ಹಲ್ಲಿನ ಹಿಂದೆ ಹಿಡಿದು, ಬೆಳಿಗ್ಗೆ ಚರ್ಚಿನಲ್ಲಿ ಹಾಡಿದ್ದನ್ನೇ ಬಾಯಿ ಮುಚ್ಚಿ ಗುನುಗತೊಡಗುತ್ತಿದ್ದಳು. ಗುನುಗಿದರೆ ನಗು ಇಳಿಯುತ್ತದೆ, ಕೈ ನಿಲ್ಲುತ್ತದೆ. ಹಾಗೆ ಅದೂ ಪಾರ್ಟಿನ ಒಂದು ಭಾಗವಾಯಿತು. ಎಲ್ಲ ಸರಿಯಾಗಿ ಮುಗಿದರೆ ಐಸಮ್ ಟಾರ್ಚ್ ಆರಿಸಿ, "ಆಯ್ತು, ಶಾಲೆ ಬಿಡ್ತು" ಎನ್ನುತ್ತಿದ್ದರು. ಅವರು ಆ ಮಾತು ಹೇಳುವವರೆಗೆ ಯಾರೂ ಕೈ ಇಳಿಸುವಂತಿರಲಿಲ್ಲ. ಆಮೇಲೆ ಮೂವರೂ ಅದೇ ಗಾಡಿಯಲ್ಲಿ ಹೋಗಿ ಬಟರ್ ಪೆಕಾನ್ ಐಸ್‌ಕ್ರೀಮ್ ತಿಂದು ಬರುತ್ತಿದ್ದರು. ಕೋಳಿ ಒಲೆಯ ಮೇಲೆ ಎಷ್ಟೋ ಸಲ ಸೀದುಹೋಗಿದೆ. ಅಷ್ಟು ಸುಖದ ಮಧ್ಯಾಹ್ನಗಳು ವರ್ನೆಟಾಗೆ ಮತ್ತೆ ಸಿಗಲಿಲ್ಲ ಎಂದರೆ ಸುಳ್ಳಲ್ಲ. ಅವು ಯಾವ ಭಯದಿಂದ ಹುಟ್ಟಿದ ಮಧ್ಯಾಹ್ನಗಳು ಎಂದು ತಿಳಿದದ್ದು ಅವಳಿಗೂ ಮಕ್ಕಳಾದ ಮೇಲೆ.

ಈಗ ಬಂದವನು ನಿಜವಾದ ಪೊಲೀಸು. ಎಳೆಯ ವಯಸ್ಸು, ಬಿಸಿಲಿಗೆ ಕೆಂಪಾದ ಬಿಳಿ ಕತ್ತು, ಎದೆಯ ಮೇಲೆ ಡೈಕ್‌ಹೌಸ್ ಎಂಬ ಹೆಸರಿನ ಪಟ್ಟಿ. ಬಾಗಿಲ ಕಂಬದಿಂದ ಸ್ವಲ್ಪ ಹಿಂದೆಯೇ ನಿಂತ. ಬಲಗಡೆಯ ಬ್ರೇಕ್ ದೀಪ ಹೊತ್ತುತ್ತಿಲ್ಲ, ಗೊತ್ತಾ ಎಂದು ಕೇಳಿದ.

"ನಮಸ್ಕಾರ ಆಫೀಸರ್," ವರ್ನೆಟಾ ಹೇಳಿದಳು. "ಗೊತ್ತಿರಲಿಲ್ಲ. ಮೊದಲು ಒಂದು ಮಾತು. ಜೊತೇಲಿ ಇಟ್ಕೊಳ್ಳೋಕೆ ನನಗೆ ಲೈಸೆನ್ಸ್ ಇದೆ. ಕಾರ್ಡು ಅಲ್ಲೇ ಕೀ ಪಕ್ಕ ಇದೆ. ಅದು ನನ್ನ ಬಲ ಸೊಂಟದಲ್ಲಿದೆ. ನಾನೇನು ಮಾಡಲಿ, ನೀವು ಹೇಳಿ."

ಅವನು ಅವಳ ಕೈಗಳನ್ನು ನೋಡಿದ, ಡ್ಯಾಶ್‌ಬೋರ್ಡ್ ನೋಡಿದ. ಹೆಗಲು ಸ್ವಲ್ಪ ಸಡಿಲವಾಯಿತು.

"ಹೇಳಿದ್ದು ಒಳ್ಳೇದಾಯ್ತು ಮೇಡಮ್. ನೀವು ನಿಮ್ಮದನ್ನ ಮುಟ್ಟಬೇಡಿ, ನಾನು ನನ್ನದನ್ನ ಮುಟ್ಟಲ್ಲ. ಆಗ ಇಬ್ರೂ ಆರಾಮ."

ಅವಳು ಸರಿ ಎಂದಳು. ಅವನು ಕೈ ಚಾಚಿ ಕಾರ್ಡುಗಳನ್ನು ತೆಗೆದುಕೊಂಡ. ಗಾಡಿಯಲ್ಲಿ ಬೇರೆ ಏನಾದರೂ ಇದೆಯೇ ಎಂದು ಕೇಳಿದ, ಅವಳು ಇಲ್ಲ, ಇದೊಂದೇ ಎಂದಳು. ಮೀನಿಗೆ ಹೊರಟಿರಾ ಎಂದು ಕೇಳಿದ. ಹೌದೆಂದಳು. ಎಲ್ಲವೂ ಅಂಗಳದಲ್ಲಿ ನಡೆದ ಹಾಗೇ ನಡೆಯುತ್ತಿತ್ತು. ದೀಪ ಸರಿ ಮಾಡಿಸಿಕೊಳ್ಳಿ ಎಂದು ಹೇಳಿ ಬಿಟ್ಟುಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹೋಗುವ ಮುನ್ನ ಅವನು ಬಗ್ಗಿ ಆ ಕಡೆ ನೋಡಿ, ಬರೀ ಮರ್ಯಾದೆಗೆಂಬಂತೆ, ನಿಮ್ಮ ಹತ್ರ ಏನಾದ್ರೂ ಇದೆಯಾ ಸರ್ ಎಂದು ಕೇಳಿದ.

ಅಲ್ಲಿಯವರೆಗೆ ಮರ ನೋಡುತ್ತಿದ್ದ ಐಸಮ್ ಗೇದರ್ ನೆಟ್ಟಗೆ ಕೂತರು. ತಿಂಗಳುಗಟ್ಟಲೆ ಕೇಳದಿದ್ದ ಗಟ್ಟಿ ದನಿ ಬಂತು.

"ನಮಸ್ಕಾರ ಆಫೀಸರ್. ಜೊತೇಲಿ ಇಟ್ಕೊಳ್ಳೋಕೆ ನನಗೆ ಲೈಸೆನ್ಸ್ ಇದೆ. ಅದು ನನ್ನ ಬಲ ಸೊಂಟದಲ್ಲಿದೆ. ನಾನೇನು ಮಾಡಲಿ, ನೀವು ಹೇಳಿ."

ಒಂದಕ್ಷರ ತಪ್ಪಿರಲಿಲ್ಲ. ಹೆಂಡತಿ ತೀರಿಕೊಂಡಿದ್ದು ಮರೆತಿದ್ದ, ಸ್ವಂತ ಬೀದಿಯ ಹೆಸರು ಮರೆತಿದ್ದ ಮನುಷ್ಯ ಇದೊಂದನ್ನು ಮರೆತಿರಲಿಲ್ಲ. ವರ್ನೆಟಾಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಮರುಕ್ಷಣವೇ ಆ ಒರೆ ನೆನಪಾಯಿತು.

"ಒಂದೇ ಅಂದ್ರಲ್ಲ ಮೇಡಮ್," ಎಂದ ಡೈಕ್‌ಹೌಸ್. ಆ ಮೊದಲಿನ ದನಿ ಹೋಗಿಬಿಟ್ಟಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಐಸಮ್ ಮಾತಾಡಲು ಅವನತ್ತ ಹೊರಳಿದಾಗ ಅವರ ಅಂಗಿಯ ಅಂಚಿನ ಕೆಳಗೆ ಒರೆಯ ತುದಿ ಅವನಿಗೆ ಕಂಡಿತ್ತು. ಆ ಖಾಲಿ ಚರ್ಮ ಅಷ್ಟು ದೂರದಿಂದ ನೋಡುವವನಿಗೆ ಖಾಲಿಯಲ್ಲ. ಮುಟ್ಟುವುದಿಲ್ಲ ಎಂದಿದ್ದನಲ್ಲ, ಅವನ ಕೈ ಈಗ ತನ್ನದರ ಮೇಲಿತ್ತು. "ಯಾರೂ ಅಲ್ಲಾಡಬೇಡಿ. ಇಬ್ರೂ."

ಐಸಮ್ ಅಲ್ಲಾಡದೆ ಇರುತ್ತಿದ್ದರೇನೋ. ಆದರೆ ಏರಿದ ದನಿ ಕೇಳಿದರೆ ಈಚೆಗೆ ಅವರಿಗೆ ಎಲ್ಲ ಕಲಸಿಹೋಗುತ್ತಿತ್ತು. ಈಗಷ್ಟೇ ಇದ್ದ ಗಟ್ಟಿ ಮುಖ ಕರಗಿ, ಅಂಗಡಿಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನ ಮುಖ ಬಂತು. ಏನೋ ಕಳೆದಿದೆ, ಏನು ಎಂದು ಗೊತ್ತಿಲ್ಲ. ಮನೆ ಬಿಟ್ಟಾಗಿನಿಂದ ದಾರಿಯುದ್ದಕ್ಕೂ ಮಾಡುತ್ತ ಬಂದಿದ್ದನ್ನೇ ಮಾಡಲು ಅವರ ಬಲಗೈ ತೊಡೆಯಿಂದ ಎದ್ದಿತು. ಸೊಂಟ ಮುಟ್ಟಿ ನೋಡಿಕೊಳ್ಳಲು.

ವರ್ನೆಟಾ ಕೈ ಚಾಚಿ ಆ ಕೈ ಹಿಡಿಯುವಂತಿರಲಿಲ್ಲ. ಅವಳ ಕೈ ಚಕ್ರ ಬಿಟ್ಟರೆ ಅಲ್ಲಿಗೆ ಮುಗಿಯಿತು. ಬೇಡ ಎನ್ನುವಂತೆಯೂ ಇರಲಿಲ್ಲ, ಬೇಡ ಎಂದರೆ ಅವರಿಗೆ ಹಟ ಬರುತ್ತದೆ, ಅದನ್ನು ಅವಳು ಸಾವಿರ ಸಲ ನೋಡಿದ್ದಾಳೆ. ಬೇಡ ಎನ್ನುವ ಬದಲು ಏನಾದರೂ ಕೆಲಸ ಕೊಟ್ಟರೆ ಮಾತ್ರ ಮಾಡುತ್ತಾರೆ. ಅವಳಲ್ಲಿದ್ದದ್ದು ಬಾಯೊಂದೇ. ಅಪ್ಪ ತನ್ನ ಕಣ್ಣೆದುರು ಸಾಯುತ್ತಾರೆ, ತಾನೇ ಬಿಟ್ಟ ಒಂದು ತುಂಡು ಚರ್ಮಕ್ಕಾಗಿ ಸಾಯುತ್ತಾರೆ ಎಂಬುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಹಾಗಿದ್ದೂ ಬಾಯಿಗೆ ಬಂದದ್ದು ಭಾನುವಾರದ ಮಾತು.

"ಅಪ್ಪಾ," ಎಂದಳು, ದನಿ ಏರಿಸದೆ, ಮುಂದಿನ ಗಾಜನ್ನೇ ನೋಡುತ್ತ. "ಇವತ್ತು ಪೊಲೀಸ್ ನೀವಲ್ಲ. ಬೇರೆಯವರು ಬಂದಿದ್ದಾರೆ. ಇವತ್ತು ನಿಮ್ಮದು ಅಮ್ಮನ ಪಾರ್ಟು."

ಕೈ ಅರ್ಧದಲ್ಲಿ ನಿಂತಿತು.

"ಲೂವೀನಿಯಾಳದಾ?" ಎಂದರು ಐಸಮ್.

"ಹೌದು. ಅಮ್ಮ ಏನು ಮಾಡ್ತಿದ್ಲು?"

ಅವರು ಯೋಚಿಸಿದರು. ಪೊಲೀಸನೂ ಕಾಯುತ್ತಿದ್ದ, ಅವನ ಉಸಿರು ಅವಳಿಗೆ ಕೇಳುತ್ತಿತ್ತು. ಆ ಅರ್ಧದಲ್ಲಿ ನಿಂತ ಕೈ ನಿಧಾನವಾಗಿ, ಸೊಂಟದ ಕಡೆಗಲ್ಲದೆ ಮುಂದಕ್ಕೆ ಹೋಯಿತು. ಎಡಗೈಯೂ ಅದರ ಹಿಂದೆಯೇ ಹೋಯಿತು. ಎರಕದ ಕಿಡಿ ಹಾರಿ ಅಲ್ಲಲ್ಲಿ ಕಲೆಯಾದ ಎರಡು ದೊಡ್ಡ ಕೈಗಳು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ, ಬೆರಳು ಬಿಡಿಸಿಕೊಂಡು ಕೂತವು. ಆಮೇಲೆ ಐಸಮ್ ಗೇದರ್ ತುಟಿ ಮುಚ್ಚಿಕೊಂಡು ಗುನುಗತೊಡಗಿದರು. ಅಮ್ಮನ ಹಾಡೇ. ಅವಳು ಎಳೆಯುತ್ತಿದ್ದಲ್ಲೇ ಎಳೆದರು, ನಗು ತಡೆಯಲು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿದರು.

ವರ್ನೆಟಾಗೆ ಆಗ ಅಳು ಬಂತು. ಒರೆಸಿಕೊಳ್ಳಲು ಕೈ ಎತ್ತುವ ಹಾಗಿಲ್ಲವಾದ್ದರಿಂದ ಕಣ್ಣೀರು ಗದ್ದದವರೆಗೆ ಇಳಿಯಿತು.

"ಆಫೀಸರ್, ನನ್ನ ಅಪ್ಪಂಗೆ ಮರೆವು," ಎಂದಳು. "ಮೊದಲು ಅವರ ಹತ್ರ ಇರ್ತಿತ್ತು. ಈಗ ಅದೇ ನನ್ನ ಹತ್ರ ಇರೋದು. ಅವರ ಸೊಂಟದಲ್ಲಿರೋದು ಬರೀ ಒರೆ, ಖಾಲಿ. ನೀವೇ ಆ ಕಡೆಯಿಂದ ಬಂದು ನೋಡಿ. ನಾವಿಬ್ರೂ ಹೀಗೇ ಇರ್ತೀವಿ."

ಅವನು ಕೂಡಲೇ ಬರಲಿಲ್ಲ. ಗಾಡಿಯ ಹಿಂದಿನಿಂದ ದೂರದ ಸುತ್ತು ಹಾಕಿ ಆ ಕಡೆಯ ಬಾಗಿಲಿಗೆ ಬಂದ. ನಿಮ್ಮ ಅಂಗಿ ಎತ್ತುತ್ತೇನೆ ಸರ್ ಎಂದು ಹೇಳಿ, ಕಿಟಕಿಯಿಂದ ಎಡಗೈ ಮಾತ್ರ ಒಳಗೆ ಹಾಕಿ ಅಂಚು ಎತ್ತಿದ. ಒರೆಯೊಳಗೆ ಎರಡು ಬೆರಳು ಇಟ್ಟು ನೋಡಿದ. ಐಸಮ್ ಅವನ ಕಡೆ ತಿರುಗಲೂ ಇಲ್ಲ, ಗುನುಗುವುದನ್ನು ನಿಲ್ಲಿಸಲೂ ಇಲ್ಲ. ಬೆರಳು ಹೊರಗೆ ತೆಗೆದಾಗ ಹುಡುಗನ ಮುಖ ಕಾಗದದ ಹಾಗೆ ಬೆಳ್ಳಗಾಗಿತ್ತು. ಅವನಿಗೂ ತಾನು ಎಲ್ಲಿಯವರೆಗೆ ಹೋಗಿದ್ದೆ ಎಂದು ಆಗಲೇ ಗೊತ್ತಾದಂತಿತ್ತು.

ಅವನು ಕಾರ್ಡುಗಳನ್ನು ಹಿಂತಿರುಗಿಸಿದ. ದೀಪದ ಬಲ್ಬು ಮುಂದಿನ ಊರು ಬಾಲ್ಡ್ವಿನ್‌ನಲ್ಲಿ ಸಿಗುತ್ತದೆ, ದಂಡದ ಚೀಟಿ ಹರಿಯುವುದಿಲ್ಲ ಎಂದ. ಹೊರಟವನು ಮತ್ತೆ ನಿಂತು, ಕಿಟಕಿಯ ಹತ್ತಿರ ಬಂದ.

"ಆ ಒರೆ ಅವರ ಮೈಮೇಲೆ ಬಿಡಬೇಡಿ ಮೇಡಮ್. ಬೇಡ್ಕೊತೀನಿ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹುಡುಗ ಹೇಳಿದ್ದು ಸರಿ. ಕಿತ್ತುಹೋದ ಗುಂಡಿಯೊಡನೆ ಅಪ್ಪ ಮನೆಗೆ ಬಂದ ಆ ಸೋಮವಾರಕ್ಕೂ ಸೇರಿಸಿ ಸಿಟ್ಟು ಮಾಡಿಕೊಳ್ಳುವುದಕ್ಕೆ ಅವಳಲ್ಲಿ ಸಾಕಷ್ಟು ಇತ್ತು. ಆದರೆ ಅದನ್ನು ಇವನ ತಲೆಗೆ ಕಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಆಯಿತು ಎಂದು ತಲೆಯಾಡಿಸಿದಳು.

ಗಾಡಿ ಮತ್ತೆ ರಸ್ತೆಗೆ ಹತ್ತಿತು. ಪೈನ್ ಮರಗಳು ಏನೂ ಆಗಿಲ್ಲವೆಂಬಂತೆ ಮೊದಲಿನ ಹಾಗೇ ಹಿಂದೆ ಸರಿಯತೊಡಗಿದವು. ಒಂದಷ್ಟು ದೂರ ಹೋದ ಮೇಲೆ ಅವಳು ಪಕ್ಕಕ್ಕೆ ನೋಡಿದಳು. ಅಪ್ಪನ ಕೈ ಇನ್ನೂ ಡ್ಯಾಶ್‌ಬೋರ್ಡಿನ ಮೇಲೇ ಇತ್ತು. ಮುಗೀತು ಅಪ್ಪಾ, ಕೈ ಇಳಿಸಿ ಎಂದಳು. ಇಳಿಸಲಿಲ್ಲ. ತೋಳು ನೋಯುತ್ತೆ ಅಪ್ಪಾ, ಅವರು ಹೋದರು ಎಂದಳು. ಕೇಳಿಸಲೇ ಇಲ್ಲವೆಂಬಂತೆ ಗುನುಗುತ್ತಲೇ ಇದ್ದರು. ಎತ್ತಿ ಹಿಡಿದ ತೋಳು ಸಣ್ಣಗೆ ನಡುಗುತ್ತಿತ್ತು, ಹಣೆಯಲ್ಲಿ ಬೆವರು ಬಂದಿತ್ತು.

ಬಲ್ಬಿಗೆಂದು ಕೆರೆಯ ತಿರುವನ್ನು ದಾಟಿ ಬಂದು, ಬಾಲ್ಡ್ವಿನ್ ಊರಿನ ಮೊದಲ ಮನೆಗಳು ಕಾಣುವಾಗ ಅವಳಿಗೆ ನೆನಪಾಯಿತು. ಕೈ ಇಳಿಸಲು ಒಂದು ಮಾತು ಬೇಕು. ಅದನ್ನು ಪೊಲೀಸ್ ಹೇಳಬೇಕು, ಆ ಪೊಲೀಸ್ ಯಾವಾಗಲೂ ಅಪ್ಪನೇ ಆಗಿದ್ದರು. ಇವತ್ತು ಅವರದು ಬೇರೆ ಪಾರ್ಟು. ಹೇಳುವವರು ಯಾರೂ ಇಲ್ಲದೆ ಪಾಪ ಕಾಯುತ್ತಿದ್ದರು. ನಲವತ್ತು ವರ್ಷಕ್ಕೂ ಹಿಂದೆ ಅವರ ಬಾಯಲ್ಲಷ್ಟೇ ಕೇಳಿದ್ದ ಮಾತನ್ನು ತಾನು ಹೇಳುವುದು ಅವಳಿಗೆ ಸುಲಭವಾಗಲಿಲ್ಲ. ಐಸ್‌ಕ್ರೀಮ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಅಪ್ಪನ ಕಡೆ ತಿರುಗಿದಳು.

"ಆಯ್ತು," ಎಂದಳು. "ಶಾಲೆ ಬಿಡ್ತು."

ಐಸಮ್ ಕೈ ಇಳಿಸಿದರು. ಎರಡೂ ತೋಳು ನೀವಿಕೊಂಡು, ದೊಡ್ಡದಾಗಿ ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ಅವಳು ಇಳಿದು ಹೋಗಿ ಎರಡು ಬಟರ್ ಪೆಕಾನ್ ತಂದಳು. ಅವರು ಮೊದಲ ಚಮಚ ಬಾಯಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಭಾನುವಾರಗಳಲ್ಲಿ ಹೆಂಡತಿಯ ಕಡೆ ತಿರುಗಿ ಹೇಳುತ್ತಿದ್ದ ಹಾಗೆ ಪರೀಕ್ಷೆಯ ಫಲಿತಾಂಶ ಹೇಳತೊಡಗಿದರು. ಪಕ್ಕದಲ್ಲಿದ್ದವಳು ಅವರಿಗೆ ಲೂವೀನಿಯಾ ಆಗಿದ್ದಳು. ವರ್ನೆಟಾ ತಿದ್ದಲು ಹೋಗಲಿಲ್ಲ.

"ಹುಡುಗಿ ಚೆನ್ನಾಗಿ ಮಾಡಿದ್ಲು," ಎಂದರು. "ದನಿ ನಡುಗಲಿಲ್ಲ. ಕೈ ಅಲ್ಲಾಡಲಿಲ್ಲ. ಇನ್ನು ಅವಳ ಚಿಂತೆ ಇಲ್ಲ."

"ಹೌದಾ?"

"ಹೂಂ. ಆದ್ರೆ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ನಲ್ಲ, ಅವನು ಸರಿ ಇಲ್ಲ. ಕೈ ಸೊಂಟಕ್ಕೆ ತಗೊಂಡು ಹೋದ. ನೋಡಿದ್ಯಾ?"

ನೋಡಿದೆ ಎಂದಳು.

"ಯಾರವನು?"

"ನಮ್ಮವರೇ."

"ನಮ್ಮವನಾದ್ರೆ ಹೇಳಬೇಕು ಅವನಿಗೆ. ಸಿಟ್ಟು ಮಾಡ್ಕೊಂಡ್ರೂ ಪರವಾಗಿಲ್ಲ. ಮಗು ಓಡಿಸ್ತಾ ಇರುತ್ತೆ, ಅದರ ಪ್ರಾಣಕ್ಕೆ ಬರುತ್ತೆ. ಅವನಿಗೆ ಅದನ್ನ ಕಟ್ಟಿಕೊಳ್ಳೋಕೆ ಬಿಟ್ಟವರು ಯಾರು?"

ಬಟ್ಟಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಅವರು ಬೆಲ್ಟಿಗೆ ಕೈ ಹಾಕಿದರು. ಚಳಿಗಾಲದಿಂದ ಈಚೆಗೆ ಅವಳು ಮುಟ್ಟಲು ಹೋದಾಗಲೆಲ್ಲ ಕೈ ತಳ್ಳಿದ್ದರಲ್ಲ, ಆ ಬಕಲ್ಲನ್ನು ತಾವೇ ಬಿಚ್ಚಿದರು. ಬೆಲ್ಟ್ ಎಳೆದು, ಒರೆಯನ್ನು ಜಾರಿಸಿ ತೆಗೆದು, ನಿದ್ದೆಹೋದ ಬೇರೆ ಯಾರ ಮೈಯಿಂದಲೋ ತೆಗೆದಷ್ಟು ನಾಜೂಕಾಗಿ ತೆಗೆದು, ಅವಳ ಮಡಿಲಲ್ಲಿಟ್ಟರು.

"ಒಳಗಿಡು," ಎಂದರು. "ಅವನ ಕೈಗೆ ಸಿಗದ ಹಾಗೆ."

ಸಿಗದ ಹಾಗೆ ಇಡುತ್ತೇನೆ ಎಂದಳು. ಒರೆ ಇನ್ನೂ ಬೆಚ್ಚಗಿತ್ತು. ಅದನ್ನು ಮಡಿಲಲ್ಲಿ ಹಿಡಿದುಕೊಂಡೇ ಅವಳು ತನ್ನ ಪಾಲಿನ ಐಸ್‌ಕ್ರೀಮ್ ಕರಗಿ ನೀರಾಗುವವರೆಗೆ ಕೂತಿದ್ದಳು. ಐಸಮ್ ತಮ್ಮದನ್ನು ಮುಗಿಸಿ, ಅವಳದನ್ನೂ ಎತ್ತಿಕೊಂಡರು. ಬಲ್ಬು ಹಾಕಿಸಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಐಡಲ್‌ವೈಲ್ಡ್ ಕಡೆಗೆ ತಿರುಗಿದಾಗ ಎರೆಹುಳು ತಗೊಂಡ್ಯಾ ಎಂದು ಕೇಳಿದರು. ತಗೊಂಡಿದ್ದೀನಿ ಅಪ್ಪಾ, ಹಿಂದೆ ಐಸ್ ಪೆಟ್ಟಿಗೆಯಲ್ಲಿದೆ ಎಂದಳು. ಅವರು ಮರಗಳನ್ನು ನೋಡುತ್ತ ಕೂತರು. ವರ್ನೆಟಾ ಎರಡನೆಯ ಪ್ರಶ್ನೆಗೆ ಕಾದಳು. ತನ್ನ ಸೊಂಟ ತಟ್ಟಿ ತೋರಿಸಲು ಕೈಯನ್ನೂ ಸಿದ್ಧ ಮಾಡಿಕೊಂಡಳು. ಕೆರೆ ಬರುವವರೆಗೂ ಅವರು ಅದನ್ನು ಕೇಳಲಿಲ್ಲ.